ಹೊಟ್ಟೆಗೆ ಬಿಗಿದ ಬಟ್ಟೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಹಾಡುವುದನ್ನು ಕಲಿಸುತ್ತಿದ್ದರು.

ಅಲ್ಲೊಂದು ಪದ್ಧತಿ ಇತ್ತು. ಬೆಳಕು ಹರಿಯುತ್ತಲೇ ಶಿಷ್ಯರೆಲ್ಲ ಅಂಗಿ ಕಳಚಿ, ಹೊಕ್ಕುಳ ಮುಳುಗುವಷ್ಟು ನೀರಿನಲ್ಲಿ ನಿಂತು, ಕೆಳಗಿನ ಷಡ್ಜ ಸ್ವರವನ್ನು ಉಸಿರು ಮುಗಿಯುವ ತನಕ ಹಿಡಿಯಬೇಕು. ಗುರುಗಳು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಹಾಡು ಕೇಳುವುದಕ್ಕಿಂತ ಹೆಚ್ಚಾಗಿ ಅವರು ನೀರನ್ನು ನೋಡುತ್ತಿದ್ದರು.

ಮೆಟ್ಟಿಲ ಬಳಿ ಹೊಳೆ ತಿರುಗುವುದರಿಂದ ನೀರು ಅಲ್ಲಿ ನಿಂತ ಹಾಗೇ ಇರುತ್ತದೆ. ಹೊಟ್ಟೆಯ ಆಳದಿಂದ ಉಸಿರೆಳೆದು ಹಾಡುವವನ ಸುತ್ತ ಸಣ್ಣ ಅಲೆಗಳು ಬಳೆಯಂತೆ ಏಳುತ್ತವೆ. ಎದೆಯಲ್ಲಷ್ಟೇ ಉಸಿರಾಡುವವನ ಸುತ್ತ ಏಳುವುದಿಲ್ಲ. ಮೈಗಳ್ಳ ಶಿಷ್ಯರಿಗೆ ಇಂಥ ಗುರು ಬಲು ಕಷ್ಟ.

ಅಡವೀಶನಿಗೆ ಹದಿಮೂರು ವರ್ಷ. ಒಳ್ಳೆಯ ದನಿ. ಬರುವ ಹುಣ್ಣಿಮೆಯ ಬೆಳಗ್ಗೆ ಸುತ್ತಲಿನ ಊರವರು ಹಾಡು ಕೇಳಲು ಹೊಳೆಗೆ ಬರುವವರಿದ್ದರು. ಅವತ್ತು ಮೊದಲ ಸ್ವರ ಎತ್ತುವವನು ಮೊಣಕಾಲು ನೀರಿನಲ್ಲಿ, ಬರಿ ಮೈಯಲ್ಲಿ, ಎಲ್ಲರಿಗೂ ಕಾಣುವಂತೆ ನಿಲ್ಲಬೇಕು. ಈ ಸಲ ಅಡವೀಶನೇ ನಿಲ್ಲಬೇಕೆಂದು ಗುರುಗಳು ಹೇಳಿದರು. ಅವನ ತಾಯಿಯೂ ಬರುವವಳಿದ್ದಳು.

ಹೇಳಿದ ದಿನವೇ, ಅಂಗಿ ಕಳಚುವಾಗ, ಜೊತೆಯ ಹುಡುಗ ಈರಣ್ಣ ಅವನ ದುಂಡನೆಯ ಹೊಟ್ಟೆಯನ್ನು ಬೆರಳಿನಿಂದ ತಟ್ಟಿ, "ಗಡಿಗಿ ತುಂಬೈತೋ, ಖಾಲಿ ಐತೋ?" ಅಂದ.

ಎಲ್ಲರೂ ನಕ್ಕರು. ಅಡವೀಶನೂ ನಕ್ಕ. ಅಂದು ಅವನು ಊಟ ಮಾಡಲಿಲ್ಲ.

ಹುಣ್ಣಿಮೆಗೆ ಇಪ್ಪತ್ತೈದು ದಿನ ಇತ್ತು. ಅಷ್ಟರೊಳಗೆ ಹೊಟ್ಟೆ ಕರಗಿಸಿಯೇ ತೀರಬೇಕೆಂದು ಅವನು ನಿಶ್ಚಯಿಸಿದ. ಪಂಕ್ತಿಯಲ್ಲಿ ಬಡಿಸಿದ ರೊಟ್ಟಿಯನ್ನು ಮೆಲ್ಲಗೆ ಉತ್ತರೀಯದೊಳಗೆ ಸೇರಿಸಿ, ಆಮೇಲೆ ಮೆಟ್ಟಿಲಿಗೆ ಹೋಗಿ ಮೀನಿಗೆ ಹಾಕುತ್ತಿದ್ದ. ಲಿಂಬೆಹಣ್ಣಿನ ನೀರು ಕುಡಿದು ಮಲಗುತ್ತಿದ್ದ. ಧೋತರವನ್ನು ಎತ್ತರಕ್ಕೆ ಉಟ್ಟು, ಅದರೊಳಗೆ ಹೊಟ್ಟೆಗೆ ಒಂದು ಬಟ್ಟೆಯನ್ನು ಬಿಗಿದು ಕಟ್ಟಿಕೊಂಡ.

ಎಂಟನೆಯ ಬೆಳಗ್ಗೆ ಗುರುಗಳು ಕೇಳಿದರು: "ಅಡವೀಶ, ನಿನ್ನ ಸುತ್ತ ನೀರು ಯಾಕ ಸುಮ್ಮನ ನಿಂತೈತಿ?"

"ಸ್ವರ ಸರಿ ಐತಲ್ರಿ, ಅಜ್ಜಾರ."

"ಸ್ವರದ ಮಾತು ಆಮ್ಯಾಲ. ಮೊದಲ ನೀರಿಂದು ಹೇಳು."

ಅಡವೀಶ ಮತ್ತೆ ಷಡ್ಜ ಎತ್ತಿದ.

ಹನ್ನೊಂದನೆಯ ಬೆಳಗ್ಗೆ ಗುರುಗಳು ಇನ್ನೊಂದನ್ನು ಕಂಡರು. ಹನ್ನೆರಡು ಮಂದಿ ಶಿಷ್ಯರು ನೀರಿನಲ್ಲಿದ್ದರೂ ಮೀನುಗಳೆಲ್ಲ ಒಬ್ಬನ ಕಾಲಿನ ಸುತ್ತಲೇ ಸೇರಿದ್ದವು.

"ಮೀನಿಗೆ ನಿನ್ನ ಗುರುತು ಹೆಂಗ ಹತ್ತಿತೋ?" ಎನ್ನುತ್ತ ಅವರು ಎದ್ದು ನಿಂತರು. ಅಷ್ಟರಲ್ಲಿ ಅಡವೀಶನ ಸ್ವರ ತುಂಡಾಯಿತು. ಅವನು ನೀರಿನೊಳಗೆ ಕುಸಿದ.

ಮೊದಲು ಧುಮುಕಿ ಅವನನ್ನು ಹಿಡಿದೆತ್ತಿದವನು ಈರಣ್ಣ.

ಮೆಟ್ಟಿಲ ಮೇಲೆ ಮಲಗಿಸಿ ಗುರುಗಳೇ ಧೋತರ ಸಡಿಲಿಸಿದರು. ಒದ್ದೆಯಾದ ಬಟ್ಟೆಯ ಗಂಟು ಬಿಚ್ಚಲು ಅವರ ಮುದಿ ಬೆರಳುಗಳು ಬಹಳ ಹೊತ್ತು ಒದ್ದಾಡಿದವು. ಬಟ್ಟೆಯ ಕೆಳಗೆ ಕೆಂಪು ಬರೆ ಎದ್ದಿತ್ತು.

"ಉಂಡು ಎಷ್ಟ ದಿನ ಆತು?"

"ಹತ್ತು ದಿನ ಆತ್ರಿ. ನಡುನಡುವ ಅರ್ಧ ರೊಟ್ಟಿ ತಿಂದೀನ್ರಿ." ಹುಡುಗ ಅಳತೊಡಗಿದ. "ಹುಣ್ಣಿಮಿ ದಿನ ಎಲ್ಲಾರೂ ನೋಡ್ತಾರ್ರಿ. ನಗ್ತಾರ್ರಿ. ನಮ್ಮವ್ವನ ಮುಂದ ನಗ್ತಾರ್ರಿ."

ಈರಣ್ಣ ತಲೆ ತಗ್ಗಿಸಿದ. ಗುರುಗಳು ಅಳಬೇಡ ಎನ್ನಲಿಲ್ಲ. ಅವರಿಗೂ ಸಂಕಟವಾಗಿತ್ತು. ಅಡುಗೆಯ ಗಂಗವ್ವನನ್ನು ಕರೆದು ಎರಡು ಬಟ್ಟಲು ತೆಳ್ಳಗಿನ ಗಂಜಿ ತರಿಸಿದರು. ಹುಡುಗ ಒಂದು ಗುಟುಕು ಕುಡಿದರೆ ತಾವೊಂದು ಗುಟುಕು ಕುಡಿದರು. ಬಟ್ಟಲು ಬರಿದಾಗುವ ತನಕ ಪಕ್ಕದಲ್ಲೇ ಕೂತಿದ್ದರು.

ಮರುದಿನ ಬೆಳಗ್ಗೆ ಗುರುಗಳು ಆ ಬಟ್ಟೆಯನ್ನು ತಮ್ಮ ಹೊಟ್ಟೆಗೆ ಬಿಗಿದುಕೊಂಡು, ಶಿಷ್ಯರ ಎದುರಿಗೆ ನೀರಿಗಿಳಿದು ಷಡ್ಜ ಹಿಡಿದರು.

ಐವತ್ತು ವರ್ಷ ಆ ದನಿ ಆಚೆ ದಂಡೆಗೆ ಕೇಳಿತ್ತು. ಅಂದು ಮೇಲಿನ ಮೆಟ್ಟಿಲಿಗೂ ಸರಿಯಾಗಿ ಕೇಳಲಿಲ್ಲ. ಅರ್ಧಕ್ಕೇ ಕೆಮ್ಮು ಬಂತು. ಸುತ್ತ ಒಂದು ಅಲೆಯೂ ಏಳಲಿಲ್ಲ.

ಯಾರೂ ನಗಲಿಲ್ಲ. ಗುರುಗಳು ಮೇಲೆ ಬಂದು ಬಟ್ಟೆ ಬಿಚ್ಚಿದರು. "ಗಂಗವ್ವ, ಇದನ್ನ ಒಲಿ ಒರಸಾಕ ಇಟ್ಕೊ," ಅಂದರು.

ಅಡವೀಶ ಅವರ ಹಿಂದೆಯೇ ಬಂದ. "ಹಂಗಾದ್ರ ಹೊಟ್ಟಿ ಕರಗೋದ ಬ್ಯಾಡೇನ್ರಿ, ಅಜ್ಜಾರ?"

"ಯಾರ ಹಂಗಂದ್ರು? ಮೆಟ್ಟಲ ಏರುವಾಗ ನಿನಗ ತೇಕು ಬರ್ತದ, ನಾನೂ ನೋಡೀನಿ. ಈ ಹೊಟ್ಟಿ ಎಲ್ಲಿಂದ ಬಂತು ಹೇಳು."

ಅಡವೀಶ ಯೋಚಿಸಿದ. ಭಕ್ತರು ತರುವ ಶೇಂಗಾ ಹೋಳಿಗೆ ಅಡುಗೆಮನೆಯಲ್ಲಿ ತೂಗುಹಾಕಿದ ನೆಲುವಿನಲ್ಲಿರುತ್ತಿತ್ತು. ಗಂಗವ್ವನಿಗೆ ಅವನ ದನಿಯೆಂದರೆ ಪ್ರಾಣ. ಒಂದು ಪದ ಹಾಡಿದರೆ ಒಂದು ಹೋಳಿಗೆ ಕೊಡುತ್ತಿದ್ದಳು. ಅವನು ಮಧ್ಯಾಹ್ನವೆಲ್ಲ ಹಾಡುತ್ತಿದ್ದ.

"ಹೋಳಿಗಿಯಿಂದ್ರಿ."

"ಅರ್ಧ ಅದರಿಂದ. ಇನ್ನರ್ಧ ನನ್ನಿಂದ. ಹುಡುಗನ ದನಿ ಛಲೋ ಐತಿ, ದಣೀಬಾರದು ಅಂತ ನೀರು ಹೊರೋ ಕೆಲಸ ನಾನ ಬಿಡಿಸಿದ್ನಿ. ನನ್ನ ತಪ್ಪು ಅದು."

ಗುರುಗಳು ಶಿಷ್ಯನ ಮುಂದೆ ತಪ್ಪೊಪ್ಪಿಕೊಂಡಿದ್ದನ್ನು ಗಂಗವ್ವ ಆಮೇಲೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು. ಹೋಳಿಗೆಯ ವಿಷಯ ಮಾತ್ರ ಹೇಳುತ್ತಿರಲಿಲ್ಲ.

"ಇವತ್ತಿಂದ ಎಲ್ಲಾರ ಜೋಡಿ ನೀರು ಹೊರು," ಎಂದರು ಗುರುಗಳು. "ಸಂಜಿಗೆ ಹುಡುಗರ ಜೋಡಿ ಹೊಳಿಯೊಳಗ ಈಸು. ಪಂಕ್ತಿಯೊಳಗ ಹಸಿವಿ ತೀರುವಷ್ಟು ಉಣ್ಣು. ಹೋಳಿಗಿ ಎಲ್ಲಾರ ತಾಟಿಗೆ ಬಂದ ದಿನ ನೀನೂ ತಿನ್ನು."

"ಹುಣ್ಣಿಮಿಯೊಳಗ ಕರಗ್ತದೇನ್ರಿ?"

"ಇಲ್ಲ."

"ಮತ್ತ ಯಾವಾಗ್ರಿ?"

"ನನಗ ಗೊತ್ತಿಲ್ಲ. ನೀ ಇನ್ನೂ ಬೆಳಿಯೋ ಹುಡುಗ. ನಿನ್ನ ಮೈ ಎತ್ತರ ಆಗೋದೈತಿ, ಎಲುಬು ಗಟ್ಟಿ ಆಗೋದೈತಿ. ಉಣ್ಣಾಕ ಹಾಕದ ಅವಸರ ಮಾಡಿದ್ರ ಅದು ಯಾವ ಕೆಲಸ ಬಿಟ್ಟು ಕೂಡ್ತದೋ ಯಾರಿಗೆ ಗೊತ್ತು?"

ಹೊಳೆಯಿಂದ ಆಶ್ರಮಕ್ಕೆ ಇಪ್ಪತ್ತೆಂಟು ಮೆಟ್ಟಿಲು. ಗಂಜಿಯಿಂದ ರೊಟ್ಟಿಗೆ ಬಂದು ಮೈಯಲ್ಲಿ ಕಸುವು ತುಂಬಿದ ಮೇಲೆ ಅಡವೀಶ ಕೊಡ ಎತ್ತಿಕೊಂಡ. ಮೊದಲ ದಿನ ಹದಿನಾರನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಈರಣ್ಣ ಮೇಲಿನಿಂದ ಇಳಿದು ಬಂದು, ಅವನು ಏಳುವ ತನಕ ಪಕ್ಕದಲ್ಲಿ ಕೂತ.

ದಿನಗಳು ಕಳೆದವು. ಹುಡುಗರು ಹೊಳೆಯಲ್ಲಿ ಈಸಿದರು. ಅಡವೀಶನಿಗೆ ಹೊತ್ತಿಗೆ ಸರಿಯಾಗಿ ಹಸಿವೆ ಆಗತೊಡಗಿತು, ಮಲಗಿದೊಡನೆ ನಿದ್ದೆ ಬರತೊಡಗಿತು. ಹುಣ್ಣಿಮೆಯ ಹಿಂದಿನ ದಿನ ತುಂಬಿದ ಕೊಡ ಹೊತ್ತು ಒಂದೇ ದಮ್ಮಿಗೆ ಮೇಲೆ ಬಂದ. ಆಮೇಲೆ ಹೊಳೆಗಿಳಿದು ನೀರಿನಲ್ಲಿ ತನ್ನ ಬಿಂಬವನ್ನು ನೋಡಿಕೊಂಡ. ಹೊಟ್ಟೆ ಹೆಚ್ಚುಕಡಿಮೆ ಹಾಗೇ ಇತ್ತು.

ಹುಣ್ಣಿಮೆಯ ಬೆಳಗಾಯಿತು. ಮೆಟ್ಟಿಲ ತುಂಬ ಜನ. ಕೆಳಗಿನ ಮೆಟ್ಟಿಲಲ್ಲಿ ತಾಯಿ ಕೂತಿದ್ದಳು, ಪಾದ ನೀರಿನಲ್ಲಿ ಬಿಟ್ಟುಕೊಂಡು.

ಅಡವೀಶ ಮೊಣಕಾಲು ನೀರಿನಲ್ಲಿ ಜನರಿಗೆ ಎದುರಾಗಿ ನಿಂತ. ಅವನಿಗೇ ತಿಳಿಯದಂತೆ ಎರಡೂ ಕೈ ಹೊಟ್ಟೆಯ ಮೇಲೆ ಬಂದವು. ಹೊಟ್ಟೆ ಒಳಗೆ ಸೇದಿಕೊಂಡಿತು. ಎತ್ತಿದ ಸ್ವರ ಎಳೆಯಷ್ಟು ತೆಳುವಾಗಿ ಬಂದು ನಿಂತುಹೋಯಿತು.

ಜನ ಕಾಯುತ್ತಿದ್ದರು.

ಗುರುಗಳು ಎದ್ದರು. ಹೆಗಲ ಮೇಲಿನ ಉತ್ತರೀಯವನ್ನು ತೆಗೆದು ಮೆಟ್ಟಿಲ ಮೇಲಿಟ್ಟು, ತಮ್ಮ ಜೋಲುಬಿದ್ದ ಹೊಟ್ಟೆಯನ್ನು ಎಲ್ಲರೆದುರು ಬಿಟ್ಟುಕೊಂಡು ನೀರಿಗಿಳಿದರು. ಶಿಷ್ಯನ ಪಕ್ಕಕ್ಕೆ ಬಂದು ನಿಂತರು.

"ಯಾಕ, ತಮ್ಮಾ?"

"ಎಲ್ಲಾರೂ ನನ್ನ ಹೊಟ್ಟೀನ ನೋಡಾಕತ್ತಾರ್ರಿ, ಅಜ್ಜಾರ."

ಗುರುಗಳು ಅವನ ಒಂದು ಕೈಯನ್ನು ಹೊಟ್ಟೆಯ ಮೇಲಿನಿಂದ ಸರಿಸಿದರು. ಆಮೇಲೆ ಇನ್ನೊಂದನ್ನೂ ಸರಿಸಿದರು.

"ನೋಡ್ಲಿ. ದನಿ ಎಲ್ಲಿಂದ ಬರ್ತದಂತ ಅವರಿಗೂ ಗೊತ್ತಾಗ್ಲಿ."