ಸೊಡರಮ್ಮನು ಹಗೇವಿನಲ್ಲಿ ನೆಲೆಸಿದ್ದು

ಅರಸರ ಹೆಸರುಗಳು ಕಲ್ಲಿನ ಮೇಲೆ ಮೂಡುವುದಕ್ಕೂ ಬಹುಪೂರ್ವದಲ್ಲಿ, ಇಂದಿನ ಸೊಡರಹಳ್ಳಿಯು ಮೂವತ್ತು ಒಕ್ಕಲಿನ ಹೆಸರಿಲ್ಲದ ಹಟ್ಟಿಯಾಗಿದ್ದಾಗ, ಸಮಸ್ತ ಗ್ರಾಮದ ಬಿತ್ತನೆ ರಾಗಿಯನ್ನು ಒಂದೇ ಹಗೇವಿನಲ್ಲಿ, ಅಂದರೆ ಕಿರಿದಾದ ಬಾಯಿಯ ಆಳವಾದ ನೆಲಗುಳಿಯಲ್ಲಿ, ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಕಾಯುವ ಧರ್ಮವು ದ್ಯಾವಣ್ಣನೆಂಬ ಬೇಸಾಯಗಾರನಿಗೆ ವಂಶಪಾರಂಪರ್ಯವಾಗಿ ಬಂದಿತ್ತು. ಮುಚ್ಚಿದ ಹಗೇವಿನೊಳಗೆ ವಿಷವಾಯು ತುಂಬಿರುವುದೆಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು. ಆದಕಾರಣ ಕಲ್ಲು ಸರಿಸಿದೊಡನೆ ಗ್ರಾಮದೇವತೆಯಾದ ಸೊಡರಮ್ಮನನ್ನು ಸ್ಮರಿಸಿ, ಹಗ್ಗಕ್ಕೆ ಕಟ್ಟಿದ ಹಣತೆಯನ್ನು ಒಳಗಿಳಿಸಿ, ಅದು ತಳದಲ್ಲಿ ಉರಿದರೆ ಮನುಷ್ಯರು ಇಳಿಯುವುದು, ಆರಿದರೆ ಕಾಯುವುದು ಅಲ್ಲಿಯ ಕಟ್ಟಳೆಯಾಗಿತ್ತು.

ದ್ಯಾವಣ್ಣನಿಗೆ ಹೊನ್ನಾಜಿಯೆಂಬ ಒಬ್ಬಳೇ ಮಗಳು. ತಾಯಿಯಿಲ್ಲದ ಆ ಕೂಸನ್ನು ಅವನು ಹೆಗಲ ಮೇಲೆಯೇ ಬೆಳೆಸಿದ್ದನು. ಅವನ ಮೊಣಕಾಲು ಕೆಟ್ಟಂದಿನಿಂದ ಹಗೇವಿಗೆ ಇಳಿಯುವವಳು ಅವಳೇ ಆಗಿದ್ದಳು.

ಒಂದು ವರ್ಷ ಆರಿದ್ರಾ ಮಳೆಯ ಮೋಡಗಳು ಪಡುವಣದಲ್ಲಿ ಕಪ್ಪಾಗಿ ಕವಿದು, ಬಿರುಗಾಳಿಯೆದ್ದು, ಹಿಂದಿನ ವರ್ಷ ಹದ ತಪ್ಪಿ ಬಿತ್ತಿ ಅರ್ಧ ಫಸಲು ಕಳೆದುಕೊಂಡಿದ್ದ ಗ್ರಾಮಸ್ಥರೆಲ್ಲರೂ ಕೂರಿಗೆ ಹೂಡಿಕೊಂಡು ಬೀಜಕ್ಕಾಗಿ ಹಗೇವಿನ ಸುತ್ತ ನೆರೆದರು. ದ್ಯಾವಣ್ಣನು ಹಣತೆ ಹಚ್ಚಿದನು. ಗುಳಿಯ ಬಾಯಲ್ಲೇ ಗಾಳಿ ಅದನ್ನು ಆರಿಸಿತು. ಮತ್ತೆ ಹಚ್ಚಿ, ಅಂಗೈ ಮರೆಮಾಡಿ ಇಳಿಸಿದನು. ಈ ಸಲ ತಳ ಮುಟ್ಟುವಾಗ ಆರಿತು. ಕಾಯಬೇಕಿತ್ತು. ಅಯ್ಯೋ, ತಾಳಿದವನು ಬಾಳಿಯಾನು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನಿಗೆ ಅಂದು ಅರ್ಧ ಜಾವ ತಾಳಲಾಗಲಿಲ್ಲವಲ್ಲ!

“ಅಪ್ಪಯ್ಯ, ಇನ್ನೊಂದು ಸಲ ಹಚ್ಚಲಾ?” ಎಂದಳು ಹೊನ್ನಾಜಿ.

“ಗಾಳಿ ಕಣವ್ವ, ಇಳಿ” ಎಂದನು ದ್ಯಾವಣ್ಣ.

ಅವಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದಳು. ಇಳಿದವರು ಹಗ್ಗ ಬಿಚ್ಚಿ ಬೀಜದ ಕುಕ್ಕೆಗೆ ಕಟ್ಟಿ ಒಮ್ಮೆ ಜಗ್ಗುವುದು ವಾಡಿಕೆ. ಹಗ್ಗ ಒಮ್ಮೆ ಜಗ್ಗಿತು. ದ್ಯಾವಣ್ಣನು ಮೇಲೆಳೆಯುತ್ತ, “ಭಾರ ಐತೆ ಕಣ್ರಪ್ಪ, ನನ್ನ ಮಗಳು ಕುಕ್ಕೆ ತುಂಬಾ ತುಂಬವ್ಳೆ” ಎಂದು ಹಿಗ್ಗಿನಿಂದ ನಕ್ಕನು. ಬೆಳಕಿಗೆ ಬಂದದ್ದು ಕುಕ್ಕೆಯಲ್ಲ, ಉಸಿರಿಲ್ಲದ ಹೊನ್ನಾಜಿ.

ಆ ಮೋಡ ಒಂದು ಹನಿಯನ್ನೂ ಉದುರಿಸದೆ ಊರು ದಾಟಿ ಹೋಯಿತು.

ಮಗಳನ್ನು ಮಣ್ಣು ಮಾಡಿದ ದ್ಯಾವಣ್ಣನು ಅನ್ನಪಾನಾದಿಗಳನ್ನು ತ್ಯಜಿಸಿ, ಹಗೇವಿನ ಬಾಯಲ್ಲಿ ಕುಳಿತು, ಹಣತೆಯ ಮೇಲೆ ಹಣತೆ ಹಚ್ಚಿ ಇಳಿಸುತ್ತ, ಮಗಳನ್ನು ಮರಳಿ ಕೊಡೆಂದು ದೇವಿಯನ್ನು ಬೇಡಿ, ಬೈದು, ಹಣೆ ಚಚ್ಚಿಕೊಂಡು ಎಂಟು ದಿನ ಕಳೆದನು. ಗಾಳಿ ಎಂದೋ ನಿಂತಿತ್ತು. ಬಾಯಿ ತೆರೆದಿದ್ದರೂ ಒಳಗಿಳಿದ ಒಂದು ದೀಪವೂ ಉಳಿಯಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಆ ಗರ್ಭಾಂಧಕಾರದೊಳಗಿಂದ ದೇವೀವಾಕ್ಯವು ಕೇಳಿಬಂದಿತು:

“ಎಲೈ ದ್ಯಾವಣ್ಣ, ಹೋದ ಪ್ರಾಣವನ್ನು ತರುವ ಶಕ್ತಿ ನನಗಿಲ್ಲ. ನಿಮ್ಮ ತಲೆತಲಾಂತರದಿಂದಲೂ ಸೊಡರಾಗಿ, ದೀಪದ ಕುಡಿಯಾಗಿ ನಿಮಗಿಂತ ಮೊದಲು ಇಳಿದು, ನಿಮಗೆ ಬದಲಾಗಿ ಸಾಯುತ್ತ ಬಂದವಳು ನಾನು. ಅಂದೂ ನಿನ್ನ ಮಗಳಿಗಿಂತ ಮೊದಲು ನಾನೇ ಸತ್ತೆ. ನನ್ನ ಸಾವನ್ನು ನೀನು ಗಾಳಿಯೆಂದೆ.”

ಮರುಗಳಿಗೆಯಲ್ಲಿ ಮಳೆ ಸುರಿಯಿತು. ಆ ಬೀಜವನ್ನು ಮುಟ್ಟಲು ಯಾರಿಗೂ ಮನಸ್ಸಾಗದೆ, ಗ್ರಾಮಸ್ಥರು ನೆರೆಯೂರಿನಲ್ಲಿ ರಾಗಿ ಬೇಡಿ ತಂದು ಬಿತ್ತಿದರು. ದ್ಯಾವಣ್ಣನಿಗೆ ದೇವಿಯು ಮರಣವನ್ನೂ ಬೇಗ ಕರುಣಿಸಲಿಲ್ಲ. ಹಣ್ಣುಹಣ್ಣು ಮುದುಕನಾಗುವವರೆಗೂ ಅವನು ವರ್ಷವರ್ಷವೂ ಅದೇ ಬಾಯಿಗೆ ದೀಪವನ್ನಿಳಿಸಿ, ಆರಿದೊಡನೆ ಅಳುತ್ತಿದ್ದನು.

ಈ ಕ್ಷೇತ್ರಕ್ಕೆ ಬರುವ ಭಕ್ತಾದಿಗಳು ಸೊಡರಮ್ಮನ ಗುಡಿಯ ಮುಂದೆ, ದೇವಿಯು ನೆಲೆಸಿದ ಆ ಹಗೇವಿನ ಬಾಯಿಗಲ್ಲನ್ನೂ ಅದರ ಅಂಚಿನಲ್ಲಿ ಹಗ್ಗ ತಿಕ್ಕಿ ಬಿದ್ದ ಗೀರನ್ನೂ ಇಂದಿಗೂ ಕಾಣಬಹುದು. ಬಿತ್ತನೆಗೆ ಮೊದಲು ಊರವರು ಅಲ್ಲಿ ಹಣತೆಯಿಳಿಸಿ, ಅದು ಆರುವುದನ್ನು ನೋಡಿ, ಬೀಜ ಬೇಡಲು ನೆರೆಯೂರಿಗೆ ನಡೆಯುತ್ತಾರೆ. ಸೊಡರಹಳ್ಳಿಯಲ್ಲಿ ಯಾರ ಮನೆಯ ದೀಪ ಆರಿದರೂ, ಎಂಥ ಬಿರುಗಾಳಿ ಬೀಸುತ್ತಿದ್ದರೂ, ಗಾಳಿಗೆ ಆರಿತೆಂದು ಯಾರೂ ಹೇಳುವುದಿಲ್ಲ. ಎದ್ದು ಹೋಗಿ, ಮಕ್ಕಳೆಲ್ಲ ಇದ್ದಾರೆಯೇ ಎಂದು ನೋಡಿ ಬರುತ್ತಾರೆ.