ಅಗಸರ ಸಂಕವ್ವ ಕೇಳಿದ ನಾಲ್ಕನೇ ಒಗಟು

"ಕೇಳಿರಪ್ಪೋ ಕೇಳಿ" ಎಂದು ಆ ವರ್ಷವೂ ಡಂಗುರ ಸಾರಿದರು. "ದೊರೆಗಳ ಶಾಲೆಯಲ್ಲಿ ಪುಕ್ಕಟೆ ಓದುವವರು ಏಳನೇ ತರಗತಿ ದಾಟಿದ ಮೇಲೆ ಮೂರು ಒಗಟು ಬಿಡಿಸಬೇಕು. ಒಂದು ತಪ್ಪಿದರೂ ಶಾಲೆ ಬಿಟ್ಟು ಕಲ್ಲುಗಣಿಗೆ. ಮೂರೂ ಬಿಡಿಸಿದವರಿಗೆ ಕೊನೆತನಕ ಓದು, ಜೊತೆಗೆ ಬೇಡಿದ್ದೊಂದು ವರ."

ಈ ಕಟ್ಟಳೆ ವಿದ್ಯಾಮಂತ್ರಿ ಕೋನೇರಯ್ಯನದು. ಮಹಾ ಜಂಬದ ಮನುಷ್ಯ. ಹೋದ ವರ್ಷ ಅಗಸರ ಚೆನ್ನಿಗ ಒಂದೇ ಒಗಟು ತಪ್ಪಿ ಗಣಿಗೆ ಹೋದ, ಬಂಡೆ ಉರುಳಿ ಸತ್ತ. ಅವನ ತಂಗಿ ಸಂಕವ್ವ ಈಗ ಎಂಟನೇ ತರಗತಿ. ಅವಳಿಗೆ ಓದೂ ಬೇಕಿತ್ತು, ಕೋನೇರಯ್ಯನ ಮೇಲೆ ಸೇಡೂ ಬೇಕಿತ್ತು.

"ಹಸಿದರೆ ಮಲಗುತ್ತೆ, ಹೊಟ್ಟೆ ತುಂಬಿದರೆ ಎದ್ದು ನಿಲ್ಲುತ್ತೆ. ಏನದು?" ಎಂದು ದೊರೆಯ ತುಂಬಿದ ಸಭೆಯಲ್ಲಿ ಕೇಳಿದ ಮಂತ್ರಿ.

"ಎಮ್ಮೆ" ಎಂದ ಪಟೇಲನ ಮಗ. ಅವನನ್ನು ಗಣಿಯ ಸಾಲಿಗೆ ನಿಲ್ಲಿಸಿದರು.

"ಗೋಣಿಚೀಲ, ಬುದ್ಧಿ" ಎಂದಳು ಸಂಕವ್ವ. "ಬರಿದಾದರೆ ಬೀಳುತ್ತೆ, ತುಂಬಿದರೆ ನಿಲ್ಲುತ್ತೆ."

"ತೆಗೆದಷ್ಟೂ ದೊಡ್ಡದಾಗುವುದು ಯಾವುದು?"

ದಂಡನಾಯಕನ ಮಗ ಮಂತ್ರಿಯನ್ನು ಮೆಚ್ಚಿಸಲು "ವಿದ್ಯೆ" ಎಂದ. ಅವನೂ ಸಾಲಿಗೆ ಹೋದ.

"ಗುಂಡಿ" ಎಂದಳು ಸಂಕವ್ವ. "ನಮ್ಮಣ್ಣ ತೆಗೆದದ್ದು. ಅದರಲ್ಲೇ ಸತ್ತ."

ಮಂತ್ರಿ ರುಮಾಲು ಸರಿಮಾಡಿಕೊಂಡ. "ಒಳಗೂ ಬರಲ್ಲ, ಹೊರಗೂ ಹೋಗಲ್ಲ, ಎಲ್ಲರೂ ಅದನ್ನ ದಾಟಲೇಬೇಕು. ಚೆನ್ನಿಗನಿಗೆ ಗೊತ್ತಾಗಲಿಲ್ಲ, ನಿನಗೇನೇ ಗೊತ್ತು?"

"ಹೊಸ್ತಿಲು. ಅದರಿಂದಾಚೆಗೆ ನೀವೇ ಅವನನ್ನ ದಬ್ಬಿದಿರಿ."

ದೊರೆ ವರ ಕೇಳು ಎಂದ.

"ಅರಮನೆ ಅನ್ನ ತಿಂದು ಓದೋರಿಗೆ ಪರೀಕ್ಷೆ ಇದೆ. ಅರಮನೆ ಅನ್ನ ತಿಂದು ಓದಿಸೋರಿಗೂ ಇರಲಿ. ಶಿಕ್ಷೆ ಅದೇ ಇರಲಿ."

ಕೊಟ್ಟ ಮಾತು, ದೊರೆ ಹೂಂ ಅಂದ.

"ಮಂತ್ರಿಗಳೇ, ಲದ್ದಿಯಲ್ಲಿ ನೆಂದು, ಚೌಳುಮಣ್ಣು ಮೆತ್ತಿಸಿಕೊಂಡು, ಹಬೆಯಲ್ಲಿ ಬೆಂದು, ಕೊನೆಗೆ ಆಸ್ಥಾನದಲ್ಲಿ ಎಲ್ಲರ ಮೇಲೆ ಕೂರೋದು ಯಾವುದು?"

ಲದ್ದಿಗೂ ಆಸ್ಥಾನಕ್ಕೂ ಎತ್ತಣ ಸಂಬಂಧ? "ತಾವರೆ" ಎಂದುಬಿಟ್ಟ ಕೋನೇರಯ್ಯ.

"ನಿಮ್ಮ ತಲೆ ಮೇಲಿನ ರುಮಾಲು, ಬುದ್ಧಿ. ಕತ್ತೆ ಲದ್ದಿ ನೀರಲ್ಲಿ ನೆನೆಸಿ, ಚೌಳುಮಣ್ಣು ಹಚ್ಚಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸದಿದ್ರೆ ಬಿಳಿ ಬಟ್ಟೆಗೆ ಬಿಳುಪು ಬರೋದಿಲ್ಲ. ಇಪ್ಪತ್ತು ವರ್ಷದಿಂದ ನಮ್ಮವ್ವ ಹಂಗೇ ಒಗೆದುಕೊಟ್ಟಿದ್ದಾಳೆ."

ಸಭೆ ಬಿದ್ದುಬಿದ್ದು ನಕ್ಕಿತು. ತನ್ನ ಸರದಿಯೂ ಬಂದೀತೆಂದು ದೊರೆಗೆ ದಿಗಿಲಾಗಿ, ಕಟ್ಟಳೆಯನ್ನೇ ಕಿತ್ತುಹಾಕಿ ಹುಡುಗರನ್ನೆಲ್ಲ ಶಾಲೆಗೆ ಕಳಿಸಿದ.

"ನನಗೂ ಬಿಡುಗಡೆ ತಾನೇ? ಒಂದೇ ತಪ್ಪಿದ್ದು ತಾಯಿ" ಎಂದು ಕೋನೇರಯ್ಯ ಕೈಮುಗಿದ.

"ನಮ್ಮಣ್ಣನದೂ ಒಂದೇ" ಎಂದಳು ಸಂಕವ್ವ.

ಕೊಟ್ಟ ವರ ಹಿಂತೆಗೆಯಲಾಗದೆ ದೊರೆ ಅವನಿಗೆ ಸುತ್ತಿಗೆ ಕೊಡಿಸಿ ಗಣಿಗೆ ಇಳಿಸಿದ. ಸಂಕವ್ವ ಕೊನೆತನಕ ಓದಿದಳು, ದೊಡ್ಡವಳಾದಳು, ಅವನನ್ನು ಕ್ಷಮಿಸಲಿಲ್ಲ. ನಾನಾಗಿದ್ದರೂ ಕ್ಷಮಿಸುತ್ತಿರಲಿಲ್ಲ.