ಟವೆಲಿನಡಿಯ ಬೆರಳು

“ಗುರುಗಳೇ, ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಅದೇ ನ್ಯಾಯ, ಅಲ್ಲವೇ?” ಎಂದು ಶಿಷ್ಯ ಕೇಳಿದ.

ಇಬ್ಬರೂ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಗುರು ಹೇಳತೊಡಗಿದ:

“ದನದ ಸಂತೆಯೊಂದರಲ್ಲಿ ಒಂದೇ ಬೆಳಗಿಗೆ ಇನ್ನೂರು ಎತ್ತು ಕೊಂಡವನು ನಾನು. ಸುಳ್ಳು, ಬಿಡು. ಒಂದು ಬಾಲವನ್ನೂ ಕೊಳ್ಳಲಿಲ್ಲ. ಚಹಾ ಕುಡಿಯುತ್ತ ಕೂತಿದ್ದೆ, ಅಷ್ಟೇ. ಮುಂದಿನದು ನಿಜ.

ಆ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನ ಬಲಗೈ ಮೇಲೆ ಟವೆಲು ಹಾಸಿ, ಕೊಳ್ಳುವವನು ಅದರಡಿಯಲ್ಲಿ ಅವನ ಬೆರಳು ಹಿಡಿಯುತ್ತಾನೆ. ಒಂದು ಬೆರಳಿಗೆ ಒಂದು ಸಾವಿರ; ಕೈ ಪೂರ್ತಿ ಹಿಡಿದರೆ ಐದು. ಒಪ್ಪಿಗೆಯಾದರೆ ಮಾರುವವನು ತನ್ನ ಹಗ್ಗ ಬಿಚ್ಚಿಕೊಳ್ಳುತ್ತಾನೆ, ಕೊಂಡವನು ತನ್ನದನ್ನು ಕಟ್ಟುತ್ತಾನೆ. ಹಗ್ಗ ಬದಲಾದ ಮೇಲೆ ವ್ಯಾಪಾರ ಮುರಿಯುವಂತಿಲ್ಲ.

ಒಬ್ಬ ರೈತ ಎತ್ತು ತಂದಿದ್ದ. ಅವನ ಬಲಗೈಗೆ ನೇಗಿಲು ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಎತ್ತು ಮಾರಿ ಎಮ್ಮೆ ಕೊಳ್ಳಬೇಕು, ಹಾಲು ಮಾರಿ ಬದುಕಬೇಕು ಎಂಬುದು ಅವನ ಯೋಚನೆ. ಎಮ್ಮೆಯನ್ನು ನೋಡಿಯೂ ಇಟ್ಟಿದ್ದ. ಅದರ ಬೆಲೆ ಐದು.

ಒಬ್ಬ ಸಾಹುಕಾರ ಬಂದ. ಟವೆಲಿನಡಿ ಕೈ ಪೂರ್ತಿ ಹಿಡಿದ. ರೈತನ ಮುಖ ಅರಳಿತು, ಹಗ್ಗ ಬಿಚ್ಚಿಕೊಂಡ. ಸಾಹುಕಾರ ತನ್ನ ಹಗ್ಗ ಕಟ್ಟಿ, ನಾಲ್ಕು ಸಾವಿರ ಕೊಟ್ಟ.

‘ಸಾವ್ಕಾರ್ರೇ, ಕೈ ಪೂರ್ತಿ ಹಿಡಿದಿರಲ್ಲ?’

‘ಹಿಡಿದೆನಪ್ಪ. ಒಳಗೆ ಎಷ್ಟು ಬೆರಳಿತ್ತು, ನೀನೇ ಎಣಿಸಿ ಹೇಳು.’

ರೈತನ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ಹಿಂದಿನ ವರ್ಷ ಅದೇ ಸಾಹುಕಾರನ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ, ಗಾಣ ಅದನ್ನೂ ಎಳೆದುಕೊಂಡಿತ್ತು.

ದೂರು ಸಂತೆಯ ಹಿರಿಯರ ಮುಂದೆ ಹೋಯಿತು. ಅವರು ನಾಲ್ವರು. ಚಹಾ ಕುಡಿದು ತೀರ್ಪು ಕೊಟ್ಟರು: ‘ಹಿಡಿತಕ್ಕೆ ಸಿಕ್ಕ ಬೆರಳೆಷ್ಟೋ ಬೆಲೆ ಅಷ್ಟು. ಸಾಹುಕಾರನಿಗೂ ಅದೇ, ನಿನಗೂ ಅದೇ.’

ಎಮ್ಮೆ ಬೇರೆಯವರ ಪಾಲಾಯಿತು. ರೈತ ಬರಿಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ನಡೆದ.”

ಶಿಷ್ಯನಿಗೆ ಸಿಟ್ಟು ಬಂತು. “ಆ ಬೆರಳು ಎಲ್ಲಿ ಹೋಯಿತೆಂದು ನಾಲ್ವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲವೇ?”

“ನಾಲ್ವರಿಗೂ ಗೊತ್ತಿತ್ತು,” ಎಂದ ಗುರು, ಖಾಲಿ ಲೋಟ ಕೆಳಗಿಡುತ್ತ. “ಅಂದು ನಮ್ಮ ನಾಲ್ವರ ಚಹಾದ ದುಡ್ಡು ಸಾಹುಕಾರ ಕೊಟ್ಟ, ಇಂದಿನದು ನೀನು ಕೊಡು.”